ಹಳೇ ಬಂದರಿನ ಸುಣ್ಣದ ಗೋರಿ

ನಮ್ಮೂರಿನಲ್ಲಿ ಬಾವಿಯನ್ನು ದಿನಾ ತೋಡಬೇಕು. ಬೆಳಿಗ್ಗೆ ತೋಡಿದ ಗುಂಡಿ ಎಷ್ಟೇ ಅಗಲವಿರಲಿ, ಎಷ್ಟೇ ಆಳವಿರಲಿ, ಹೊತ್ತು ಮುಳುಗುವುದರೊಳಗೆ ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ. ಮಧ್ಯಾಹ್ನದ ತನಕ ಸುಮ್ಮನಿರುತ್ತದೆ. ಆಮೇಲೆ ಅಂಚಿನ ಮಣ್ಣು ಕಾಳು ಕಾಳಾಗಿ ಒಳಗೆ ಉದುರತೊಡಗುತ್ತದೆ. ದನಗಳು ಮನೆಗೆ ಬರುವ ಹೊತ್ತಿಗೆ ಅಲ್ಲೊಂದು ಗುಂಡಿ ಇತ್ತೆಂದರೆ ಪರವೂರಿನವರು ನಂಬುವುದಿಲ್ಲ. ಹುಲ್ಲು ಕೂಡ ಮೊದಲಿದ್ದ ಹಾಗೇ ನಿಂತಿರುತ್ತದೆ. ಹಾಗಾಗಿ ನಮ್ಮ ಮನೆಗಳಿಗೆ ಪಾಯವಿಲ್ಲ, ದಪ್ಪ ಚಪ್ಪಡಿಗಳ ಮೇಲೆ ಕೂತಿವೆ. ಕರೆಂಟು ಕಂಬಗಳು ಕಲ್ಲು ತುಂಬಿದ ಪೀಪಾಯಿಗಳಲ್ಲಿ ನಿಂತಿವೆ. ಬಾಳೆ ನೆಡುವವರಿಗೆ ಮಾತ್ರ ಸುಖ. ಗುಂಡಿ ತೆಗೆದು ಕಂದು ಇಟ್ಟು ಬಂದರಾಯಿತು, ಮುಚ್ಚುವ ಕೆಲಸವನ್ನು ಮಣ್ಣೇ ನೋಡಿಕೊಳ್ಳುತ್ತದೆ.

ಊರಿಗೆ ನೀರು ಕೊಡುವವರು ತೋಡುವ ಮನೆಯವರು. ಕೋಳಿ ಕೂಗಿದ ಮೇಲೆ ಎಂಟು ಜನ ಗುದ್ದಲಿ ಹಿಡಿದು ಹೊರಡುತ್ತಾರೆ. ನಮ್ಮದು ಹೊಳೆ ಸಮುದ್ರ ಸೇರುವ ಜಾಗವಾದ್ದರಿಂದ ಎದೆಮಟ್ಟ ತೋಡಿದರೆ ನೀರು ಸಿಗುತ್ತದೆ. ಹಾಲಿನವನು ಬರುವಷ್ಟರಲ್ಲಿ ನಾಲ್ಕು ಬೀದಿಗೆ ನಾಲ್ಕು ಬಾವಿ ಸಿದ್ಧ. ಆ ಮನೆಯ ಯಜಮಾನಿ ದ್ಯಾವಮ್ಮನಿಗೆ ನಾನು ಹೇಳುವ ಕಾಲಕ್ಕೆ ಎಪ್ಪತ್ತು ದಾಟಿತ್ತು. ಆದರೂ ಮೊದಲ ಗುದ್ದಲಿ ಅವಳದೇ. ಸಣ್ಣ ಆಳು, ಕಪ್ಪು ಮೈ, ಅಂಗೈ ಮಾತ್ರ ಮರದ ಹಲಗೆಯಂತೆ. ಊರಿನಲ್ಲಿ ಯಾರೇ ಸತ್ತರೂ ಗುಂಡಿ ತೋಡುವವರೂ ಅವರೇ. ನಮ್ಮಲ್ಲಿ ಎಲ್ಲ ಜಾತಿಯವರೂ ಹೂಳುತ್ತಾರೆ. ಹೆಣ ಇಟ್ಟ ಮೇಲೆ ಮಣ್ಣು ಕೂಡುವ ತನಕ ಗುಂಡಿಯ ಸುತ್ತ ಕೂತಿರುತ್ತಾರೆ. ಇದಕ್ಕೆ ಮಣ್ಣು ಕಾಯುವುದು ಎನ್ನುತ್ತೇವೆ. ಮಣ್ಣು ಕೂಡಿದ ಮೇಲೆ ಎದ್ದು ಕೈಕಾಲು ತೊಳೆದು ಊಟ ಮಾಡಿದರೆ ಮುಗಿಯಿತು, ಬೇರೆ ತಿಥಿ ಗಿಥಿ ಇಲ್ಲ. ಗೋರಿ ಕಟ್ಟುವವರೂ ಇಲ್ಲ, ಏಕೆಂದರೆ ಮಾರನೇ ದಿನ ಜಾಗ ಯಾವುದೆಂದು ಗುರುತು ಸಿಗುವುದಿಲ್ಲ. ದ್ಯಾವಮ್ಮನಿಗೆ ಮಾತ್ರ ಗೊತ್ತಿರುತ್ತಿತ್ತು. ಯಾರ ಪಕ್ಕದಲ್ಲಿ ಯಾರು, ಯಾರ ತಲೆ ಯಾವ ಕಡೆ, ಎಲ್ಲವೂ ಅವಳ ತಲೆಯಲ್ಲಿ.

ನಾನು ಸುಗಂಧಿ. ಅಪ್ಪ ಬಿಟ್ಟುಹೋದ ಪದ್ಮಾ ಸ್ಟುಡಿಯೋವನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದೇನೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಒಂದು ಬೇಸಿಗೆಯಲ್ಲಿ ಕೆಳಬೀದಿಯ ನೀರು ಉಪ್ಪಾಯಿತೆಂದು ದ್ಯಾವಮ್ಮನವರು ಹಳೇ ಬಂದರಿನ ಹಿಂದೆ ಹೊಸ ಜಾಗ ತೋಡಿದರು. ಬಂದರು ಎಂದರೆ ಹೆಸರಿಗೆ ಅಷ್ಟೇ. ಸಮುದ್ರ ಅಲ್ಲಿಂದ ಹಿಂದೆ ಸರಿದು ಎಷ್ಟೋ ತಲೆಮಾರು ಕಳೆದಿದೆ. ಈಗ ಅಲ್ಲಿ ಮಕ್ಕಳು ಚೆಂಡಾಡುತ್ತಾರೆ. ಎದೆಮಟ್ಟ ಬಂದಾಗ ನೀರಿನ ಬದಲು ಗುದ್ದಲಿಗೆ ಕಲ್ಲು ತಾಗಿತು. ಮಣ್ಣು ಸವರಿ ನೋಡಿದರೆ ಆಳುದ್ದದ ಕಲ್ಲಿನ ಮುಚ್ಚಳ, ಅದರ ಮೇಲೆ ನಮ್ಮದಲ್ಲದ ಅಕ್ಷರ. ದ್ಯಾವಮ್ಮ ನನ್ನನ್ನು ಕರೆಸಿದಳು. ಪಟ ಹಿಡಿದಿಡು, ಸಂಜೆಗೆ ಇರುವುದಿಲ್ಲ ಎಂದಳು. ನಾನು ಹಿಡಿದ ಹತ್ತು ಪಟಗಳಲ್ಲಿ ಎರಡನ್ನು ಪಟ್ಟಣದ ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಅಲ್ಲಿಂದ ಸುದ್ದಿ ಹೋಗಿ ತಿಂಗಳೊಳಗೆ ಪ್ರಾಚ್ಯವಸ್ತು ಇಲಾಖೆಯವರೊಬ್ಬರು ಬಂದಿಳಿದರು.

ಅವರ ಹೆಸರು ಪರಂಜ್ಯೋತಿ. ನಲವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಉದ್ದನೆಯ ಮನುಷ್ಯ, ಮಾತಾಡುವಾಗ ಕನ್ನಡಕವನ್ನು ಶರ್ಟಿನ ತುದಿಯಲ್ಲಿ ಒರೆಸುತ್ತಲೇ ಇರುತ್ತಾರೆ. ಊರು ಅವರನ್ನು ಮೊದಲ ದಿನವೇ ಮೇಷ್ಟ್ರು ಎಂದಿತು. ಆ ಅಕ್ಷರ ರೋಮನ್ನರದು ಎಂದರು. ಎರಡು ಸಾವಿರ ವರ್ಷಗಳ ಹಿಂದೆ ಆ ದೇಶದ ವ್ಯಾಪಾರಿಗಳು ಮೆಣಸು ಕೊಳ್ಳಲು ಈ ಕಡೆಯ ಬಂದರುಗಳಿಗೆ ಬರುತ್ತಿದ್ದರು, ನಮ್ಮ ಹಿರಿಯರು ಯವನರು ಎಂದು ಕರೆಯುತ್ತಿದ್ದುದು ಇಂಥವರನ್ನೇ. ಆದರೆ ಅವರಲ್ಲಿ ಒಬ್ಬರನ್ನು ಅವರ ಪದ್ಧತಿಯಂತೆ ಹೂತ ಗೋರಿ ಈ ಕಡೆ ಸಿಕ್ಕಿದ್ದನ್ನು ತಾವು ಕೇಳಿಲ್ಲ ಎಂದರು. ಹದಿನಾಲ್ಕು ವರ್ಷ ಬೇರೆಯವರು ಅಗೆದು ತಂದ ಮಡಕೆ ಚೂರುಗಳ ಚಿತ್ರ ಬರೆದ ಮನುಷ್ಯ ಅವರು ಎನ್ನುವುದು ನನಗೆ ಆಮೇಲೆ ತಿಳಿಯಿತು.

ನಮ್ಮ ಮಣ್ಣಿನ ಸಂಗತಿಯನ್ನು ನಾವು ಮೊದಲೇ ಹೇಳಿದ್ದೆವು. ಅವರು ಹೂಂಗುಟ್ಟಿದ್ದರು, ನಂಬಿರಲಿಲ್ಲ. ಮೊದಲ ದಿನ ತಾವೇ ಕೂಲಿಯವರನ್ನು ಕರೆತಂದು, ದಾರ ಕಟ್ಟಿ ಚೌಕ ಮಾಡಿ, ಕುಂಚದಲ್ಲಿ ಮಣ್ಣು ಸವರುತ್ತಾ ಮಧ್ಯಾಹ್ನದ ಹೊತ್ತಿಗೆ ಒಂದು ಗೇಣು ಇಳಿದರು. ಊಟಕ್ಕೆ ಹೋಗಿ ಬಂದು ಮತ್ತೆ ಇಳಿದರು. ಸಂಜೆ ಹುಲ್ಲಿನ ಮೇಲೆ ನಿಂತಿದ್ದರು. ದಾರ, ಗೂಟ, ಅಳತೆ ಪಟ್ಟಿ, ಒಂದು ಟೋಪಿ ಎಲ್ಲ ಮಣ್ಣಿನೊಳಗೆ. ಚೆಂಡಾಡಲು ಬಂದ ಮಕ್ಕಳು ಅವರ ಮುಖ ನೋಡಿ ನಗದೆ ಹೋದದ್ದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಆ ಸಂಜೆ ಅವರು ನನ್ನ ಸ್ಟುಡಿಯೋಗೆ ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಬೇರೊಂದು ದಾರಿ ಇದೆ ಎಂದರು. ಗೋರಿಯನ್ನು ತೆರೆದಿಟ್ಟುಕೊಂಡು ತಿಂಗಳುಗಟ್ಟಲೆ ನೋಡುವುದು ಇಲ್ಲಿ ಆಗದ ಮಾತು. ಒಂದೇ ಹಗಲಲ್ಲಿ ಅದನ್ನು ಎಲ್ಲ ಕಡೆಯಿಂದ, ಮೇಲಿನಿಂದ, ಓರೆಯಿಂದ, ಸಾವಿರಾರು ಪಟ ಹಿಡಿಯಬೇಕು; ಒಂದು ಪಟದಲ್ಲಿರುವುದರ ಮುಕ್ಕಾಲು ಭಾಗ ಮುಂದಿನ ಪಟದಲ್ಲೂ ಬರಬೇಕು. ಆಮೇಲೆ ಕಂಪ್ಯೂಟರು ಆ ಪಟಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿ ಗೋರಿಯನ್ನೇ ಪರದೆಯ ಮೇಲೆ ಕಟ್ಟಿ ಕೊಡುತ್ತದೆ. ತಿರುಗಿಸಬಹುದು, ಹತ್ತಿರ ಹೋಗಬಹುದು, ಕೂದಲೆಳೆಯಷ್ಟು ಅಳತೆ ತೆಗೆಯಬಹುದು. ಅದು ಮುಚ್ಚಿಕೊಳ್ಳುವುದಿಲ್ಲ. ಅಷ್ಟು ಪಟ ಹಿಡಿಯಲು ತಮ್ಮೊಬ್ಬರ ಕೈಲಿ ಸಾಧ್ಯವಿಲ್ಲ, ನೀವು ಬರುತ್ತೀರಾ ಎಂದು ಕೇಳಿದರು. ಒಂದೇ ದಿನ ಮೂರು ಮದುವೆ ಮುಗಿಸಿದವಳು ನಾನು. ಒಪ್ಪಿದೆ.

ಆದರೆ ತೋಡಬೇಕಾದವಳು ದ್ಯಾವಮ್ಮ. ಅವರಿಬ್ಬರೂ ಮಾತಾಡಿದ್ದು ಬೆಳಿಗ್ಗೆ ಕೆಳಬೀದಿಯ ಬಾವಿಯ ಹತ್ತಿರ, ಹೆಂಗಸರು ಕೊಡ ಹಿಡಿದು ಸಾಲಿನಲ್ಲಿದ್ದಾಗ. ಮೇಷ್ಟ್ರು ಪೂರ್ತಿ ವಿವರಿಸಿದರು. ಅವಳು ಪೂರ್ತಿ ಕೇಳಿದಳು. ಕೊನೆಗೆ ಕೈಯ ಕೆಸರನ್ನು ಸೆರಗಿನಲ್ಲಿ ಒರೆಸಿಕೊಂಡು ಹೇಳಿದಳು.

“ತೆಗೆದು ಕೊಡ್ತೀನಿ. ನೋಡ್ಕಳಿ, ಪಟ ಹಿಡ್ಕಳಿ. ಆದ್ರೆ ಒಂದು ಮಾತು. ಒಳಗಿರೋರು ಯಾವೂರೋರಾದ್ರೂ ಆಗ್ಲಿ, ಅವರ ಮುಂದೆ ಕೆಲಸ ಮುಗೀತು ಅಂತ ಎದ್ದೋಗಂಗಿಲ್ಲ. ಮಣ್ಣು ಕೂಡೋಗಂಟ ಕೂರ್ಬೇಕು.”

ಮೇಷ್ಟ್ರು ಕೂರುತ್ತೇನೆ ಎಂದರು.

ಗೊತ್ತು ಮಾಡಿದ ದಿನ ಬೆಳಕು ಹರಿಯುವ ಮುಂಚೆ ಬಾವಿಗಳನ್ನು ಮುಗಿಸಿ ಎಂಟೂ ಜನ ಬಂದರು. ಬಿಸಿಲಿನ ನೆರಳು ಗೆರೆ ಬಿದ್ದರೆ ಕಂಪ್ಯೂಟರಿಗೆ ಗೊಂದಲವಾಗುತ್ತದೆ ಎಂದಿದ್ದರಿಂದ ನಾನು ಮದುವೆಯ ಶಾಮಿಯಾನ ತರಿಸಿ ಕಟ್ಟಿಸಿದ್ದೆ. ಕೆಂಪು ಬಟ್ಟೆಯದು ಬೇಡ, ಬಣ್ಣ ಕೆಡುತ್ತದೆ ಎಂದು ಬಿಳಿಯದನ್ನೇ ಹುಡುಕಿಸಿದ್ದೆ. ಕುಂಚ ಗಿಂಚ ಇಲ್ಲ. ದ್ಯಾವಮ್ಮನ ಗುದ್ದಲಿ ಕಲ್ಲಿನ ಅಂಚಿಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಲ್ಲುತ್ತಿದ್ದುದನ್ನು ನೋಡಿ ಮೇಷ್ಟ್ರು ಬಾಯಿ ಮುಚ್ಚಿ ನಿಂತರು. ಏಳು ಗಂಟೆಗೆ ಕಲ್ಲಿನ ಪೆಟ್ಟಿಗೆ ಪೂರ್ತಿ ಕಂಡಿತು. ಹಗ್ಗ ಹಾಕಿ, ಬಿದಿರು ಕೊಟ್ಟು, ಮುಚ್ಚಳವನ್ನು ಪಕ್ಕಕ್ಕೆ ಇಳಿಸಿದರು.

ಒಳಗೆಲ್ಲ ಬಿಳಿ. ಪೆಟ್ಟಿಗೆಯ ತುಂಬ ಸುಣ್ಣದ ಗಾರೆ ಹೊಯ್ದಿದ್ದರು. ಕೆಲವು ಯವನರು ತಮ್ಮವರನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ ಮೇಲೆ ಹೀಗೆ ಹೊಯ್ಯುತ್ತಿದ್ದರು ಎಂದು ಮೇಷ್ಟ್ರು ಹೇಳಿದರು. ಗಾರೆ ಗಟ್ಟಿಯಾಗುತ್ತದೆ, ಒಳಗಿನ ದೇಹ ಕಾಲಕ್ರಮದಲ್ಲಿ ಕರಗಿ ಹೋಗುತ್ತದೆ, ದೇಹವಿದ್ದ ಜಾಗ ಮಾತ್ರ ಹಾಗೇ ಟೊಳ್ಳಾಗಿ ಉಳಿಯುತ್ತದೆ, ವಿಗ್ರಹ ಎರಕ ಹೊಯ್ಯುವ ಅಚ್ಚಿನ ಹಾಗೆ. ಗಾರೆಯ ಮೇಲುಭಾಗ ಒಂದು ಹಲಗೆಯಾಗಿ ಬಿಟ್ಟುಕೊಂಡಿತ್ತು. ಅದನ್ನು ಆರು ಜನ ಹಸುಗೂಸನ್ನು ಎತ್ತುವಂತೆ ಎತ್ತಿ, ತಿರುಗಿಸಿ, ಹುಲ್ಲಿನ ಮೇಲೆ ಹಾಸಿದ ಗೋಣಿಗಳ ಮೇಲಿಟ್ಟರು. ಅಡಿಯಲ್ಲಿ ಬಟ್ಟೆಯ ನೆರಿಗೆ, ಭುಜದ ಗುಂಡು, ಮೊಣಕಾಲಿನ ಉಬ್ಬು, ಎಲ್ಲ ಮೂಡಿತ್ತು. ಒಂದಿಷ್ಟು ಪುಡಿ ಮೂಳೆ ಮತ್ತು ತಲೆಯ ಕಡೆ ಒಂದು ದಂತದ ಕೂದಲಕಡ್ಡಿ. ಹೆಂಗಸು ಎಂದರು ಮೇಷ್ಟ್ರು. ಮುಚ್ಚಳದ ಅಕ್ಷರಗಳಲ್ಲಿ ಹೆಸರಿನ ಕೊನೆ ಮಾತ್ರ ಉಳಿದಿತ್ತು. ಇಪ್ಪತ್ತೆರಡು ವರ್ಷ ಬಾಳಿದಳು, ಗಂಡ ಹಾಕಿಸಿದ ಕಲ್ಲು ಎಂದಷ್ಟೇ ಓದಲು ಬಂತು.

ಹಲಗೆಯ ಮೇಲ್ಮೈಯನ್ನು ಅವರು ಎತ್ತುವ ಮುಂಚೆಯೇ ಹಿಡಿದುಕೊಂಡಿದ್ದೆ. ಈಗ ಅಂಚಿನಲ್ಲಿ ಸುತ್ತುತ್ತಾ, ಏಣಿ ಹತ್ತಿ, ಹೊಟ್ಟೆಯ ಮೇಲೆ ಮಲಗಿ ಪಟ ಹಿಡಿದೆ. ಮೇಷ್ಟ್ರು ಮೂಲೆ ಮೂಲೆಗೆ ಕಪ್ಪು ಬಿಳುಪಿನ ಗುರುತು ಬಿಲ್ಲೆಗಳನ್ನೂ ಅಳತೆ ಕೋಲನ್ನೂ ಇಟ್ಟು ಎಣಿಸುತ್ತಿದ್ದರು. ಹನ್ನೆರಡೂವರೆಗೆ ಸಾವಿರದ ಮುನ್ನೂರು ದಾಟಿತು. ನನ್ನ ಕುತ್ತಿಗೆ ತಿರುಗುತ್ತಿರಲಿಲ್ಲ. ದ್ಯಾವಮ್ಮ ಅಂಚಿನ ಮಣ್ಣನ್ನು ಒಮ್ಮೆ ಮುಟ್ಟಿ ನೋಡಿ, ಸಾಕು ಎಂದಳು. ಹಲಗೆಯನ್ನು ಇದ್ದ ಹಾಗೇ ಇಟ್ಟರು, ಕೂದಲಕಡ್ಡಿಯನ್ನೂ ಇಟ್ಟರು, ಮುಚ್ಚಳವನ್ನು ಮತ್ತೆ ಮೇಲಕ್ಕೆ ಸರಿಸಿದರು. ಕೊನೆಯವನು ಮೇಲೆ ಹತ್ತುವಾಗ ಮಣ್ಣು ಉದುರಲು ಶುರುವಾಗಿತ್ತು.

ನಾವು ಕೂತೆವು. ಮೇಷ್ಟ್ರು ಮೊದಲು ಮಂಡಿ ಮಡಿಸಿ, ಆಮೇಲೆ ಚಕ್ಕಂಬಕ್ಕಳ ಹಾಕಿ, ಆಮೇಲೆ ಕಾಲು ಚಾಚಿ ಕೂತರು. ಮೊದಲ ಒಂದು ತಾಸು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಎರಡನೆಯ ತಾಸಿನಲ್ಲಿ ಪುಸ್ತಕ ಮುಚ್ಚಿದರು. ಮಣ್ಣು ಕೂಡಿದಾಗ ಅವರ ಕನ್ನಡಕ ಕೈಯಲ್ಲಿತ್ತು, ಒರೆಸುತ್ತಿರಲಿಲ್ಲ. ಆ ರಾತ್ರಿ ತೋಡುವ ಮನೆಯವರ ಜೊತೆಯಲ್ಲೇ ಉಂಡರು.

ಕಂಪ್ಯೂಟರಿನ ಕೆಲಸ ನಾವು ಎಣಿಸಿದ ಹಾಗೆ ಬೇಗ ಮುಗಿಯಲಿಲ್ಲ. ಮೇಷ್ಟ್ರ ಲ್ಯಾಪ್‌ಟಾಪು ಅಷ್ಟು ಪಟಗಳ ಭಾರಕ್ಕೆ ಏದುಸಿರು ಬಿಟ್ಟಿತು. ನನ್ನ ಆಲ್ಬಂ ಮಾಡುವ ಯಂತ್ರವನ್ನೇ ಕೊಟ್ಟೆ. ಹನ್ನೊಂದು ದಿನ ಅದು ಗುಂಯ್ಗುಡುತ್ತಾ ಓಡಿತು. ಕರೆಂಟು ಹೋದಾಗಲೆಲ್ಲ ನಾವಿಬ್ಬರೂ ಎದ್ದು ನಿಂತು ದೇವರ ಹೆಸರು ಹೇಳುತ್ತಿದ್ದೆವು. ಇಬ್ಬರು ಮದುಮಕ್ಕಳ ಆಲ್ಬಂ ತಡವಾಗಿ ಬೈಗುಳ ತಿಂದೆ. ಮೊದಲು ಪರದೆಯ ಮೇಲೆ ಬರೀ ಚುಕ್ಕೆಗಳು ಬಂದವು, ಮಂಜಿನಲ್ಲಿ ನುಸಿ ಮುತ್ತಿದ ಹಾಗೆ. ಆಮೇಲೆ ಚುಕ್ಕೆಗಳು ದಟ್ಟವಾಗಿ ಮೈಯಾಯಿತು. ಹನ್ನೆರಡನೇ ದಿನ ಬೆಳಿಗ್ಗೆ ಸುಣ್ಣದ ಹಲಗೆ ಪರದೆಯ ಮೇಲೆ ನಿಂತಿತ್ತು. ಮೇಷ್ಟ್ರು ಬೆರಳಲ್ಲಿ ಅದನ್ನು ತಿರುಗಿಸಿದರು. ನಾನು ಹಿಡಿದ ಯಾವ ಪಟವೂ ಹಿಂದೆ ಹೀಗೆ ತಿರುಗಿ ಬೆನ್ನು ತೋರಿಸಿರಲಿಲ್ಲ.

ಆದರೆ ಬಿಳಿಯ ಮೇಲೆ ಬಿಳಿ, ಹೆಚ್ಚೇನೂ ಕಾಣುತ್ತಿರಲಿಲ್ಲ. ನಾನು ಬೆಳಕನ್ನು ಕೆಳಗಿಳಿಸಿ ಅಂದೆ. ಅಪ್ಪ ಮದುಮಗಳ ಮುಖಕ್ಕೆ ಎಂದೂ ಪಕ್ಕದಿಂದ ದೀಪ ಹಾಕುತ್ತಿರಲಿಲ್ಲ, ಸಣ್ಣ ಕಲೆಯೂ ಎದ್ದು ಕಾಣುತ್ತದೆ ಎನ್ನುತ್ತಿದ್ದರು. ಪರದೆಯಲ್ಲಿ ದೀಪವನ್ನೂ ಬೇಕಾದಲ್ಲಿಗೆ ಒಯ್ಯಬಹುದಿತ್ತು. ಮೇಷ್ಟ್ರು ಅದನ್ನು ನೆಲಕ್ಕೆ ತಾಗುವಷ್ಟು ಇಳಿಸಿದರು. ಆಗ ಎಲ್ಲ ಎದ್ದು ಬಂತು. ಬಟ್ಟೆಯ ನೂಲು ನೂಲು ಎಣಿಸಬಹುದಿತ್ತು. ಹೆಂಗಸಿನ ಎಡ ಮಗ್ಗುಲಲ್ಲಿ, ಮೊಣಕೈ ಮಡಿಸಿದ ಕಡೆ, ಒಂದು ಸಣ್ಣ ಗಂಟಿನ ಅಚ್ಚು ಇತ್ತು. ದಾರಿಗೆ ಕಟ್ಟಿಕೊಟ್ಟ ಬುತ್ತಿಯೋ, ಒಡವೆಯ ಗಂಟೋ ಇರಬೇಕು ಎಂದು ಮೇಷ್ಟ್ರು ಬರೆದುಕೊಂಡರು. ನಾನೂ ಹೌದೆಂದೆ. ತೋಡಿಕೊಟ್ಟವಳಿಗೆ ಮೊದಲು ತೋರಿಸಬೇಕೆಂದು ಅವರೇ ಹೋಗಿ ದ್ಯಾವಮ್ಮನನ್ನು ಕರೆತಂದರು.

ಅವಳು ಸ್ಟುಡಿಯೋಗೆ ಬಂದಿದ್ದು ಅದೇ ಮೊದಲು. ಕುರ್ಚಿ ಬೇಡವೆಂದು ನಿಂತೇ ನೋಡಿದಳು. ಮೇಷ್ಟ್ರು ನಿಧಾನವಾಗಿ ತಿರುಗಿಸುತ್ತಾ ಇದು ತಲೆ, ಇದು ಭುಜ ಎಂದು ಹೇಳುತ್ತಾ ಹೋದರು. ಗಂಟಿನ ಹತ್ತಿರ ಬಂದಾಗ ಅವಳು ಅವರ ಕೈ ಹಿಡಿದು ನಿಲ್ಲಿಸಿದಳು.

“ಗಂಟಲ್ಲ ಮೇಷ್ಟ್ರೆ. ಕೂಸು. ನೋಡಿ, ಬಟ್ಟೆ ಕತ್ತಿನತ್ರ ಎರಡು ಸುತ್ತು ಬಂದು ಕಾಲ್ಕಡೆ ಒಂದೇ ಸುತ್ತು ಬಂದದೆ. ತಲೆ ನಿಲ್ದಿರೋ ಕೂಸ್ನ ಹಂಗೇ ಸುತ್ತೋದು. ಬುತ್ತೀನ ಯಾರು ಹಂಗೆ ಸುತ್ತಾರು?”

ಮೇಷ್ಟ್ರು ಹತ್ತಿರ ಹೋದರು, ಅಳೆದರು, ಮತ್ತೆ ಅಳೆದರು. ಒಂದು ಮೊಳಕ್ಕಿಂತ ಸ್ವಲ್ಪ ಉದ್ದ. ಒಂದು ತುದಿ ಗುಂಡಗೆ. ಹಲಗೆಯ ಮೇಲ್ಮೈಗೆ ತಿರುಗಿಸಿದರೆ, ಸರಿಯಾಗಿ ಕೂಸಿನ ಮೇಲೆ ಬರುವ ಜಾಗದಲ್ಲಿ ನಾಲ್ಕು ಬೆರಳು ಎಳೆದ ಗೆರೆ. ಬೇರೆಲ್ಲ ಕಡೆ ಗಾರೆಯನ್ನು ಹೊಯ್ದು ಬಿಟ್ಟಿದ್ದರು. ಅಲ್ಲಿ ಮಾತ್ರ ಯಾರೋ ಬರಿಗೈಯಲ್ಲಿ ಸವರಿದ್ದರು. ಹಸಿ ಸುಣ್ಣ ಕೈ ಸುಡುತ್ತದಲ್ಲ ಎಂದು ನಾನಂದೆ. ಗೊತ್ತಿದ್ದೇ ಸವರಿದ್ದಾರೆ ಎಂದಳು ದ್ಯಾವಮ್ಮ. ಆಮೇಲೆ ಬೇಡವೆಂದ ಕುರ್ಚಿಯಲ್ಲಿ ಕೂತಳು.

ನಮ್ಮೂರಿನಲ್ಲಿ ವರ್ಷ ತುಂಬದ ಕೂಸಿಗೆ ಮಣ್ಣು ಕಾಯುವುದಿಲ್ಲ. ಗುಂಡಿಯಲ್ಲಿಟ್ಟು ತಿರುಗಿ ನೋಡದೆ ಬಂದುಬಿಡುತ್ತಾರೆ. ಕೂತರೆ ಮುಂದಿನದಕ್ಕೂ ಕೇಡು ಎನ್ನುತ್ತಾರೆ. ನನಗೂ ಇದು ಗೊತ್ತಿತ್ತು. ಮಕ್ಕಳಿಲ್ಲದ ನಾನು ಅದರ ಬಗ್ಗೆ ಯೋಚಿಸಿದವಳಲ್ಲ. ಆ ದಿನ ದ್ಯಾವಮ್ಮ ಪರದೆಯ ಕಡೆ ನೋಡುತ್ತಲೇ ತನ್ನ ಸಂಗತಿ ಹೇಳಿದಳು. ಅವಳಿಗೆ ಇಪ್ಪತ್ತು ತುಂಬಿದಾಗ ಒಂದು ಹೆಣ್ಣು ಕೂಸು ಹುಟ್ಟಿ ಐದು ತಿಂಗಳಿಗೆ ಹೋಯಿತು. ಅದೇ ಬೆಳಿಗ್ಗೆ ಊರಿನ ದೊಡ್ಡ ಯಜಮಾನರೂ ತೀರಿಕೊಂಡಿದ್ದರು. ಗಂಡ ಕೂಸಿಗೆ ಮೊಳದ ಗುಂಡಿ ತೆಗೆದ, ಅತ್ತೆ ಇಟ್ಟಳು, ಎಲ್ಲರೂ ತಿರುಗಿ ನಡೆದರು. ತೋಡುವ ಮನೆಯ ಸೊಸೆ ಯಜಮಾನರ ಗುಂಡಿಯ ಹತ್ತಿರ ಕೂರದಿದ್ದರೆ ಆಗುತ್ತದೆಯೇ? ಕೂಸಿನ ಗುಂಡಿಯಿಂದ ನಲವತ್ತು ಹೆಜ್ಜೆ ದೂರದಲ್ಲಿ ಅವಳು ಇಡೀ ಹಗಲು ಕೂತಿದ್ದಳು, ಎಂಬತ್ತೈದು ವರ್ಷ ಬಾಳಿದ ಮುದುಕರಿಗಾಗಿ.

“ಎದೆ ಹಾಲು ಸೋರ್ತಿತ್ತು,” ಎಂದಳು. “ಕೂಸಿನ ಕಡೆ ತಿರುಗಿದ್ರೆ ಅತ್ತೆ ಚಿವುಟೋಳು. ಅವಳದೇನೂ ತಪ್ಪಿಲ್ಲ, ಅವಳೂ ಎರಡು ಬಿಟ್ಟು ಬಂದಿದ್ಲು. ಆದ್ರೆ ನನ್ನ ಕೂಸಿನ ಮಣ್ಣು ಯಾವಾಗ ಕೂಡ್ತು ಅಂತ ನಂಗೊತ್ತಿಲ್ಲ. ಊರೋರ್ದೆಲ್ಲ ಗೊತ್ತು.”

ಯಜಮಾನರ ಜಾಗವಾಗಲಿ ಇನ್ನೊಬ್ಬರದಾಗಲಿ ಕೇಳಿದರೆ ಥಟ್ಟನೆ ಹೇಳುವವಳು ಅವಳು. ಕೂಸನ್ನು ಇಟ್ಟ ಆ ಸಂಜೆ ಕತ್ತಲಾಗುವಷ್ಟರಲ್ಲಿ ಹೋಗಿ ನೋಡಿದಾಗ ಎಲ್ಲ ಒಂದೇ ಹುಲ್ಲು. ಎಲ್ಲೆಂದು ಅವಳಿಗೂ ತಿಳಿಯಲಿಲ್ಲ.

ಮೇಷ್ಟ್ರು, ಆ ಯವನರಲ್ಲೂ ವರ್ಷ ತುಂಬದ ಕೂಸಿಗೆ ದುಃಖ ಆಚರಿಸಬಾರದು ಎಂದು ಹಿರಿಯರು ಬರೆದಿಟ್ಟಿದ್ದರು ಎಂದರು. ಮುಚ್ಚಳದ ಮೇಲೆ ಕೂಸಿನ ಸುದ್ದಿಯೇ ಇಲ್ಲದಿರುವುದು ಅದಕ್ಕೇ ಇರಬಹುದು.

“ಬರೆದೋರು ಗಂಡಸ್ರಾ?” ಎಂದು ದ್ಯಾವಮ್ಮ ಕೇಳಿದಳು.

“ಹೌದಮ್ಮ.”

“ಮತ್ತೆ ಈ ಬೆರಳು?”

“ಅದು ಗೊತ್ತಾಗಲ್ಲ. ಗಂಡನದೂ ಇರಬಹುದು.”

ದ್ಯಾವಮ್ಮ ಯೋಚಿಸಿದಳು. ಇರಬಹುದು ಎಂದಳು. ತನ್ನ ಗಂಡನೂ ಆ ದಿನ ಗುಂಡಿಯ ಅಡಿಯ ಕಲ್ಲುಗಳನ್ನೆಲ್ಲ ಆರಿಸಿ ತೆಗೆದಿದ್ದನಂತೆ, ಯಾರಿಗೂ ಕಾಣದ ಹಾಗೆ. ಇದನ್ನು ಅವಳು ಹೇಳಿದಾಗ ನಾನು ಟೀ ಮಾಡುವ ನೆಪದಲ್ಲಿ ಒಳಗೆ ಹೋದೆ.

ಕೂಸಿನ ವಿಷಯವನ್ನು ಮೇಷ್ಟ್ರು ಇಲಾಖೆಗೆ ಬರೆದರು, ಬರೆಯದೆ ವಿಧಿಯಿರಲಿಲ್ಲ. ಉತ್ತರ ಬೇಗ ಬಂತು. ಅಪರೂಪದ ಗೋರಿ, ಕೂಡಲೇ ಮತ್ತೆ ತೆರೆದು ಪೆಟ್ಟಿಗೆಯನ್ನೂ ಗಾರೆಯನ್ನೂ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಸಾಗಿಸಬೇಕು; ಲಾರಿ ಬರುವ ತನಕ ಸ್ಥಳೀಯರಿಂದ ದಿನಾ ತೋಡಿಸಿ ಗುಂಡಿಯನ್ನು ತೆರೆದಿಡಬೇಕು. ಆ ಕೆಲಸದ ಮುಖ್ಯಸ್ಥರಾಗಿ ಪರಂಜ್ಯೋತಿಯವರನ್ನೇ ನೇಮಿಸಲಾಗಿತ್ತು. ಹದಿನಾಲ್ಕು ವರ್ಷ ಮಡಕೆ ಚೂರು ಬರೆದವರಿಗೆ ಅದು ಎಂಥ ಮಾತೆಂದು ನನಗೂ ಅರ್ಥವಾಗುತ್ತಿತ್ತು. ಅವರು ಆ ಕಾಗದವನ್ನು ನನ್ನ ಸ್ಟೂಲಿನ ಮೇಲೆ ಕೂತು ಮೂರು ಸಲ ಓದಿದರು. ನಿಜ ಹೇಳಬೇಕೆಂದರೆ ಅವರ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ.

ಮಾರನೇ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಬಾವಿಯ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಕಾಗದದಲ್ಲಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ತಮಗೆ ಇದರಿಂದ ಒಳ್ಳೆಯದಾಗುತ್ತದೆ ಎನ್ನುವುದನ್ನೂ ಹೇಳಿದರು. ದ್ಯಾವಮ್ಮ ಇಲ್ಲವೆನ್ನುತ್ತಾಳೆ, ಜಗಳವಾಗುತ್ತದೆ ಎಂದು ನಾನು ಕಾದೆ. ಅವಳು ಗುದ್ದಲಿಯ ಕಾವಿನ ಮೇಲೆ ಕೈಯಿಟ್ಟು ನಿಂತಳು.

“ನಾನು ಬ್ಯಾಡ ಅನ್ನಲ್ಲ ಮೇಷ್ಟ್ರೆ. ತೋಡೋದು ನನ್ನ ಕಸುಬು. ಆದ್ರೆ ಅವಳಿಗೂ ಕೂಸಿಗೂ ಮಣ್ಣು ಕಾದೋರು ನೀವು, ಅವರ ಕಡೆಯೋರು ಅಂತ ಈಗ ಇರೋದು ನೀವೇ. ತೆಗೀಬೇಕಾ ಅಂತ ನೀವೇ ಹೇಳಿ. ತೆಗೀ ಅಂದ್ರೆ ನಾಳೆ ಬೆಳಗ್ಗೆ ತೆಗೀತೀನಿ.”

ಮೇಷ್ಟ್ರು ಕಾಗದವನ್ನು ಮಡಚುತ್ತಾ ಅಲ್ಲೇ ನಿಂತರು. ಹೆಂಗಸರು ಕೊಡ ತುಂಬಿಸಿಕೊಂಡು ಅವರನ್ನು ಬಳಸಿಕೊಂಡು ಹೋದರು. ಆ ಇಡೀ ದಿನ ಅವರು ಸ್ಟುಡಿಯೋದಲ್ಲಿ ಪರದೆಯ ಮುಂದೆ ಕೂತು ಹಲಗೆಯನ್ನು ತಿರುಗಿಸುತ್ತಿದ್ದರು. ಮಧ್ಯಾಹ್ನ ನನ್ನನ್ನು ಕರೆದು ಎರಡು ಸಣ್ಣ ಬಿರುಕು ತೋರಿಸಿದರು. ಕಣ್ಣಿಗೆ ಕಾಣುವಂಥವಲ್ಲ, ಓರೆ ಬೆಳಕಿನಲ್ಲಿ ಮಾತ್ರ ಕಾಣುತ್ತಿದ್ದವು. ಒಂದು ಸರಿಯಾಗಿ ಕೂಸಿನ ಪಕ್ಕದಲ್ಲೇ ಹಾಯ್ದಿತ್ತು. ಲಾರಿಯಲ್ಲಿ ಹಾಕಿದರೆ ಪಟ್ಟಣ ಸೇರುವ ಮುಂಚೆ ಒಡೆಯುತ್ತದೆ ಎಂದರು. ಒಡೆಯದಿದ್ದರೆ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಅವರು, ಒಡೆಯದಿದ್ದರೂ ಬೇಡ ಸುಗಂಧಿಯವರೇ ಎಂದರು.

ಮರುದಿನದ ಬಸ್ಸಿಗೆ ಪಟ್ಟಣಕ್ಕೆ ಹೋದರು. ಅಲ್ಲಿ ಏನೇನಾಯಿತೆಂದು ಅವರು ಪೂರ್ತಿ ಹೇಳಿಲ್ಲ. ಎರಡು ತಿಂಗಳು ಅಲೆದರು ಎನ್ನುವುದು ಗೊತ್ತು. ಬಿರುಕುಗಳನ್ನು ತೋರಿಸಿದರು, ಕಂಪ್ಯೂಟರು ಕಟ್ಟಿದ ನಮ್ಮ ಮಾದರಿಯಲ್ಲಿ ರಾಗಿ ಕಾಳಿನ ಅರ್ಧದಷ್ಟು ಗುರುತೂ ಬಿಟ್ಟುಹೋಗಿಲ್ಲವೆಂದು ಅಳತೆ ಇಟ್ಟು ತೋರಿಸಿದರು. ಕೊನೆಗೆ ಇಲಾಖೆಯವರು ಪೆಟ್ಟಿಗೆಯನ್ನು ಬಿಟ್ಟರು, ಆದರೆ ಜನಕ್ಕೆ ತೋರಿಸಲು ಏನಾದರೂ ಬೇಕೆಂದರು. ಮಾದರಿಯನ್ನು ಒಂದು ಯಂತ್ರಕ್ಕೆ ಕೊಟ್ಟು, ಪದರದ ಮೇಲೆ ಪದರ ಹಚ್ಚಿಸಿ, ಬಿಳಿ ಪ್ಲಾಸ್ಟಿಕ್ಕಿನಲ್ಲಿ ಇಡೀ ಹಲಗೆಯನ್ನು ತೆಗೆಸಿದರು. ಅದು ಈಗ ವಸ್ತುಸಂಗ್ರಹಾಲಯದಲ್ಲಿದೆ. ಕುರುಡರ ಶಾಲೆಯ ಮಕ್ಕಳು ಬಂದಾಗ ಅದನ್ನು ಮುಟ್ಟಿ ನೋಡಲು ಬಿಡುತ್ತಾರಂತೆ. ಮೇಷ್ಟ್ರಿಗೆ ಬೇರೆ ಅಗೆತದ ಕೆಲಸ ಸಿಗಲಿಲ್ಲ. ನಾಣ್ಯಗಳ ಕೋಣೆಗೆ ಹಾಕಿದರು. ರಜೆ ಸಿಕ್ಕಾಗ ನಮ್ಮೂರಿಗೆ ಬರುತ್ತಾರೆ. ದ್ಯಾವಮ್ಮನ ಮನೆಯ ಮೀನಿನ ಸಾರಿಗೆ ಎನ್ನುತ್ತಾರೆ, ಆದರೆ ಬಂದ ದಿನ ಹಳೇ ಬಂದರಿನ ಹಿಂದೆ ಒಂದು ಸುತ್ತು ನಡೆದು ಬಾರದೆ ಊಟಕ್ಕೆ ಕೂರುವುದಿಲ್ಲ.

ದೀಪಾವಳಿಯಾದ ಮೇಲೆ ಕೆಳಬೀದಿಯಲ್ಲಿ ದೋಣಿ ನಡೆಸುವ ಬಸವಣ್ಣಿಯ ಮೂರು ತಿಂಗಳ ಗಂಡು ಕೂಸು ಜ್ವರದಲ್ಲಿ ಹೋಯಿತು. ಸಣ್ಣ ಗುಂಡಿಯಾದ್ದರಿಂದ ದ್ಯಾವಮ್ಮ ಒಬ್ಬಳೇ ತೋಡಿದಳು. ಬೆಳಿಗ್ಗೆ ಎಂಟು ಗಂಟೆ ಇರಬೇಕು, ನಾನು ಸ್ಟುಡಿಯೋದ ಬೀಗ ತೆಗೆಯಲು ಆ ದಾರಿಯಲ್ಲೇ ಹೋಗುತ್ತಿದ್ದೆ. ಕೂಸಿನ ಅಜ್ಜಿ ಅದನ್ನು ಇಟ್ಟಳು. ಬಂದಿದ್ದ ಏಳೆಂಟು ಜನ ತಿರುಗಿದರು. ದ್ಯಾವಮ್ಮ ಗುದ್ದಲಿಯನ್ನು ಹುಲ್ಲಿನ ಮೇಲಿಟ್ಟು, ಹೆಗಲ ಮೇಲಿದ್ದ ಗೋಣಿ ಹಾಸಿ, ಗುಂಡಿಯ ಪಕ್ಕ ಕೂತಳು.

ಹಿರಿಯರೊಬ್ಬರು ನಿಂತು, ಪದ್ಧತಿ ಮರೆತೆಯಾ ದ್ಯಾವಮ್ಮ ಎಂದು ಮೆಲ್ಲಗೆ ಕೇಳಿದರು. ಮರೆತಿಲ್ಲ, ನೀವು ನಡೀರಿ, ನನಗೆ ಬೇರೆ ಕೆಲಸವಿಲ್ಲ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸವಣ್ಣಿಯ ಹೆಂಡತಿ ಸಾವಂತ್ರಿಯನ್ನು ಅತ್ತೆ ತೋಳು ಹಿಡಿದು ಕರೆದೊಯ್ಯುತ್ತಿದ್ದಳು. ಸಾವಂತ್ರಿ ತಿರುಗಿ ನೋಡಿದಳು. ನೋಡಿ, ತೋಳು ಬಿಡಿಸಿಕೊಂಡು ಓಡಿ ಬಂದು ದ್ಯಾವಮ್ಮನ ಪಕ್ಕ ಕುಸಿದಳು. ಅತ್ತೆ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು, ಒಂದು ಸಲ ಊರಿನ ಕಡೆ ನೋಡಿದಳು, ಆಮೇಲೆ ವಾಪಸು ಬಂದು ಸೊಸೆಯ ಇನ್ನೊಂದು ಮಗ್ಗುಲಿಗೆ ಕೂತಳು. ನಾನು ಆ ದಿನ ಬೀಗ ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನರಾಗಿದ್ದೆವು. ಬಸವಣ್ಣಿಯೂ ಬಂದು ಸ್ವಲ್ಪ ದೂರದಲ್ಲಿ ಮಂಡಿಯೊಳಗೆ ಮುಖವಿಟ್ಟು ಕೂತಿದ್ದ. ಪದ್ಧತಿ ಕೇಳಿದ ಹಿರಿಯರು ನೀರಿನ ಬಿಂದಿಗೆ ಕಳಿಸಿದರು.

ಸಾವಂತ್ರಿ ಅತ್ತು ಅತ್ತು ಸುಮ್ಮನಾದ ಮೇಲೆ, ಮಣ್ಣು ಉದುರತೊಡಗಿದಾಗ, ದ್ಯಾವಮ್ಮನ ಕೈ ಹಿಡಿದುಕೊಂಡು ಕೇಳಿದಳು, “ಅವ್ವ, ನಿಮ್ದೂ ಒಂದು ಹೋಗಿತ್ತಂತಲ್ಲ. ಏನಂತ ಕರೀತಿದ್ರಿ?”

ಐವತ್ತು ವರ್ಷ ಬಾಯಿಗೆ ಬಾರದ ಹೆಸರು, ನಾಲಿಗೆಯ ಮೇಲೆ ತಿರುಗಿ ಬರಲು ಹೊತ್ತು ಬೇಕಾಯಿತೇನೋ.

“ಸಿಂಗಾರಿ ಅಂತ,” ಎಂದಳು. “ತಲೇಲಿ ಒಂದು ಕೂದ್ಲಿರಲಿಲ್ಲ, ಆದ್ರೂ ಸಿಂಗಾರಿ. ಅವರಪ್ಪ ಇಟ್ಟಿದ್ದು.”

ಸಾವಂತ್ರಿಯ ಮುಖದಲ್ಲಿ ನಗುವಿನಂಥದೇನೋ ಬಂದು ಹೋಯಿತು. ತನ್ನದಕ್ಕೆ ತಲೆ ತುಂಬ ಕೂದಲಿತ್ತು, ಎಣ್ಣೆ ಹಚ್ಚಿದರೆ ಜೇಬುಗಳ್ಳನ ಹಾಗೆ ಕಾಣುತ್ತಿತ್ತು ಎಂದಳು. ಸಿಂಗಾರಿ ಹಾಲು ಕುಡಿಯುವಾಗ ಅವ್ವನ ತಾಳಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿತ್ತಂತೆ. ಸಾವಂತ್ರಿಯದು ಸೀನಿದರೆ ತಾನೇ ಬೆಚ್ಚಿಬಿದ್ದು ಅಳುತ್ತಿತ್ತಂತೆ. ಅತ್ತೆಯೂ ನಡುವೆ ಬಾಯಿ ಹಾಕಿ, ಬಸವಣ್ಣಿಯೂ ಸಣ್ಣವನಿದ್ದಾಗ ಹಾಗೇ ಎಂದಳು. ಆಮೇಲೆ ಅಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ನನಗೆ ಗೊತ್ತೇ ಇರದ ಎಷ್ಟೋ ಹೆಸರುಗಳನ್ನು ಆ ಸಂಜೆ ಕೇಳಿದೆ. ನನ್ನ ಅಮ್ಮನ ಓರಗೆಯವಳೊಬ್ಬಳು, ನಿನಗಿಂತ ಮೊದಲು ನಿಮ್ಮಮ್ಮನಿಗೊಂದು ಕೂಸಿತ್ತು ಸುಗಂಧಿ, ರಂಗ ಅಂತ, ನಿಮ್ಮಪ್ಪ ಅದರದೊಂದು ಪಟ ಹಿಡಿದಿದ್ದ, ಎಲ್ಲೋ ಇರಬೇಕು ನೋಡು ಎಂದಳು.

ಹೊತ್ತು ಮುಳುಗಿತು, ಮಣ್ಣು ಕೂಡಿತು. ಯಾರೂ ಏಳಲಿಲ್ಲ. ನಾನು ಎದ್ದು, ಅಪ್ಪನ ಹಳೆಯ ನೆಗೆಟಿವ್ ಪೆಟ್ಟಿಗೆ ಹುಡುಕಲು ಸ್ಟುಡಿಯೋ ಕಡೆ ನಡೆದೆ.